ಓದುಗರೊಂದಿಗೆ: ಕೊಳಗ ಯಾರ ಕೈಯಲ್ಲಿದೆ?

ಅಡಿಕೆ ಸುಲಿಯುವ ಕಾಲದಲ್ಲಿ ಈ ಅಂಕಣಕ್ಕೆ ಪತ್ರಗಳು ಬರುವುದು ಕಡಿಮೆ. ಈ ಸಲ ಹಾಗಾಗಲಿಲ್ಲ. ಬಂದವುಗಳಲ್ಲಿ ಹೆಚ್ಚಿನವು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ವಿರುದ್ಧ ಅಲ್ಲಿ ನಡೆದಿರುವ ಸಾಮೂಹಿಕ ಪ್ರತಿಭಟನೆಗಳ ಕುರಿತಾಗಿದ್ದುದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ಅವಕ್ಕೇ ಬಿಟ್ಟುಕೊಟ್ಟಿದ್ದೇನೆ. ಹೆಸರು ಪ್ರಕಟಿಸಬೇಡಿ ಎಂದು ಇಬ್ಬರು ಕೋರಿದ್ದಾರೆ. ಆದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: 2025ರ ಜೂನ್ 14ರಂದು ಮತ್ತು ಅಕ್ಟೋಬರ್ 18ರಂದು ‘ನೋ ಕಿಂಗ್ಸ್’, ಅಂದರೆ ‘ನಮಗೆ ದೊರೆಗಳು ಬೇಡ’ ಎಂದು ಅಮೆರಿಕದಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಮರುದಿನ ಅಧ್ಯಕ್ಷರು ಏನೂ ಆಗಿಲ್ಲವೆಂಬಂತೆ ತಮ್ಮ ಕೆಲಸ ಮುಂದುವರಿಸಿದರು. ಇಷ್ಟು ಜನ ಸೇರಿಯೂ ಏನೂ ಆಗುವುದಿಲ್ಲ ಎಂದಾದರೆ ಅಲ್ಲಿನ ಪ್ರಜಾಪ್ರಭುತ್ವ ಸತ್ತಿದೆ ಎಂದೇ ಅರ್ಥವಲ್ಲವೆ?
— ನಿವೃತ್ತ ಶಿಕ್ಷಕರು, ಸಾಗರ ತಾಲ್ಲೂಕು

ಉತ್ತರ: ಮೇಷ್ಟ್ರೇ, ನಿಮ್ಮದೇ ತಾಲ್ಲೂಕಿನ ಕಾಗೋಡನ್ನು ನೀವು ಮರೆತಿರಲಾರಿರಿ. 1951ರ ಏಪ್ರಿಲ್‌ನಲ್ಲಿ ಅಲ್ಲಿನ ಗೇಣಿದಾರರು ತಾವು ಉಳುತ್ತಿದ್ದ ಗದ್ದೆಗೆ ಇಳಿಯಲು ಹೋಗಿ ತಂಡತಂಡವಾಗಿ ಬಂಧನಕ್ಕೊಳಗಾದರು. ಎಚ್. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ಮುಂದೆ ನಿಂತಿದ್ದ ಆ ಸತ್ಯಾಗ್ರಹಕ್ಕೆ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧಿತರಾದರು. ಆ ವರ್ಷದ ಕೊನೆಗೆ ಯಾರಾದರೂ ಲೆಕ್ಕ ಹಾಕಿದ್ದರೆ ಅದನ್ನು ಸೋತ ಚಳವಳಿ ಎಂದೇ ಬರೆಯುತ್ತಿದ್ದರು. ಆದರೆ 1952ರ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆಗೆ ಆಯ್ಕೆಯಾದರು, ಗದ್ದೆಯ ಬದುವಿನ ಮಾತು ಸದನದ ಮಾತಾಯಿತು, ಮತ್ತು ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿದ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂತು. ನಡುವೆ ಇಪ್ಪತ್ಮೂರು ವರ್ಷಗಳು ಕಳೆದಿದ್ದವು.

ಅಮೆರಿಕದ ಚರಿತ್ರೆಯಲ್ಲಿಯೂ ಎರಡು ಬಗೆಯ ಪ್ರತಿಭಟನೆಗಳಿವೆ. ಕಪ್ಪು ವರ್ಣೀಯರಿಗೆ ಸಮಾನ ಹಕ್ಕು ಬೇಕೆಂದು 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದರು. 1964ರ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. 1965ರ ಮಾರ್ಚ್‌ನಲ್ಲಿ ಸೆಲ್ಮಾ ಪಟ್ಟಣದ ಸೇತುವೆಯ ಮೇಲೆ ಮೆರವಣಿಗೆಯವರನ್ನು ಪೊಲೀಸರು ಥಳಿಸಿದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು; ಅದೇ ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು. ಇದಕ್ಕೆ ವಿರುದ್ಧವಾದ ಉದಾಹರಣೆ 2003ರ ಫೆಬ್ರವರಿ 15. ಇರಾಕ್ ಯುದ್ಧ ಬೇಡವೆಂದು ಜಗತ್ತಿನ ನೂರಾರು ನಗರಗಳಲ್ಲಿ ಜನ ಸೇರಿದರು, ಐದು ವಾರ ಕಳೆಯುವಷ್ಟರಲ್ಲಿ ಯುದ್ಧ ಆರಂಭವಾಯಿತು. ಈ ಎರಡರ ನಡುವಿನ ವ್ಯತ್ಯಾಸ ಜನರ ಸಂಖ್ಯೆಯಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. 1963ರ ಜನ ಅಂದು ಸಂಜೆ ಮನೆಗೆ ಹೋದ ಮೇಲೂ ಊರೂರಿನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ, ನ್ಯಾಯಾಲಯದಲ್ಲಿ ದಾವೆ ಹೂಡುವ, ಬಸ್ಸು ಹತ್ತದೆ ಬಹಿಷ್ಕರಿಸುವ ಸಂಘಗಳಿದ್ದವು. ಯುದ್ಧವಿರೋಧಿಗಳಿಗೆ ಮರುದಿನದ ಕೆಲಸ ಏನೆಂಬುದೇ ಸ್ಪಷ್ಟವಿರಲಿಲ್ಲ.

ಟ್ರಂಪ್ ಅವರ ಮೊದಲ ಅವಧಿಯಲ್ಲಿಯೇ ಇದಕ್ಕೆ ಪುರಾವೆ ಸಿಗುತ್ತದೆ. ಅವರು ಅಧಿಕಾರ ವಹಿಸಿದ ಮರುದಿನ, 2017ರ ಜನವರಿ 21ರಂದು, ಮಹಿಳೆಯರ ಮೆರವಣಿಗೆ ನಡೆಯಿತು. ಅಧ್ಯಕ್ಷರು ಕದಲಲಿಲ್ಲ. ಆದರೆ 2018ರ ಮಧ್ಯಾವಧಿ ಚುನಾವಣೆಯಲ್ಲಿ, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಸಂಸತ್ತಿಗೆ ನಡೆಯುವ ಚುನಾವಣೆಯಲ್ಲಿ, ಮತದಾನ ಶೇ 50ರ ಸಮೀಪಕ್ಕೆ ಏರಿತು. ಅಂಥ ಚುನಾವಣೆಗಳ ಮಟ್ಟಿಗೆ ಅದು ಒಂದು ಶತಮಾನದಲ್ಲಿಯೇ ಹೆಚ್ಚು. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ವಿರೋಧ ಪಕ್ಷದ ಕೈಗೆ ಹೋಯಿತು, ಅಲ್ಲಿ ಮಹಿಳೆಯರ ಸಂಖ್ಯೆ ಮೊದಲ ಬಾರಿಗೆ ನೂರನ್ನು ದಾಟಿತು. ಇದಕ್ಕೆಲ್ಲ ಮೆರವಣಿಗೆಯೊಂದೇ ಕಾರಣವೆಂದು ನಾನು ಹೇಳಲಾರೆ. ಮೆರವಣಿಗೆಗೆ ಬಂದವರಲ್ಲಿ ಒಂದಷ್ಟು ಜನ ಆಮೇಲೆ ಚುನಾವಣೆಗೆ ನಿಂತರು ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು. ಅಕ್ಟೋಬರ್ 18ರಂದು ಸುಮಾರು 2,700 ಕಡೆಗಳಲ್ಲಿ 70 ಲಕ್ಷ ಜನ ಸೇರಿದ್ದರು ಎಂಬುದು ಸಂಘಟಕರ ಲೆಕ್ಕ. (ಶಿವಮೊಗ್ಗದ ಗೋಪಿ ವೃತ್ತದಲ್ಲಿ ನಡೆದ ಸಭೆಗಳ ವರದಿ ಬರೆದು ಅಭ್ಯಾಸವಿರುವ ನಾನು ಸಂಘಟಕರ ಲೆಕ್ಕವನ್ನೂ ಪೊಲೀಸರ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡೇ ಓದುತ್ತೇನೆ.) ಆ ಸಂಖ್ಯೆಗಿಂತ ನನ್ನ ಗಮನ ಸೆಳೆದದ್ದು ಆ 2,700 ಜಾಗಗಳು. ಅವುಗಳಲ್ಲಿ ನಮ್ಮ ಸೊರಬ, ಹೊಸನಗರಗಳಷ್ಟು ಸಣ್ಣ ಪಟ್ಟಣಗಳೂ ಇದ್ದವು.

ಪ್ರಶ್ನೆ: ಟ್ರಂಪ್ ಅವರನ್ನು ಜನರೇ ಆರಿಸಿದ್ದಾರೆ. ಆರಿಸಿ ಬಂದವರನ್ನು ‘ದೊರೆ’ ಎಂದು ಕರೆದು ಬೀದಿಗಿಳಿಯುವುದು ಜನಾದೇಶಕ್ಕೆ ಮಾಡುವ ಅವಮಾನವಲ್ಲವೆ?
— ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಮ್ಮ ಮಾತಿನ ಮೊದಲ ಭಾಗ ನಿಜ. 2024ರಲ್ಲಿ ಅವರು, ಅಧ್ಯಕ್ಷರು ಯಾರೆಂದು ತೀರ್ಮಾನಿಸುವ 538 ಎಲೆಕ್ಟೋರಲ್ ಮತಗಳಲ್ಲಿ (ಇವುಗಳ ಬಗ್ಗೆ ಮುಂದಿನ ಉತ್ತರದಲ್ಲಿ ಹೇಳಿದ್ದೇನೆ) 312ನ್ನು ಪಡೆದರು, ಜನರ ಮತಗಳಲ್ಲಿಯೂ ಶೇ 49.8ರಷ್ಟನ್ನು ಪಡೆದು ಮುಂದಿದ್ದರು. ಅದನ್ನು ಒಪ್ಪದವರು ಪ್ರತಿಭಟನೆಯ ನೈತಿಕತೆಯನ್ನೇ ಕಳೆದುಕೊಳ್ಳುತ್ತಾರೆ.

ಆದರೆ ಆಯ್ಕೆಯಾಗುವುದು ಬೇರೆ, ಆಯ್ಕೆಯಾದ ಮೇಲೆ ಕಾನೂನಿನ ಎಲ್ಲೆಯೊಳಗೆ ಇರುವುದು ಬೇರೆ. ನಮ್ಮಲ್ಲಿ ಸರ್ಕಾರ ಸದನದ ವಿಶ್ವಾಸ ಕಳೆದುಕೊಂಡರೆ ಅವಿಶ್ವಾಸ ಗೊತ್ತುವಳಿಯಿಂದ ಒಂದೇ ದಿನದಲ್ಲಿ ಉರುಳುತ್ತದೆ. ಅಮೆರಿಕದ ಅಧ್ಯಕ್ಷರಿಗೆ ನಾಲ್ಕು ವರ್ಷ ಗಟ್ಟಿ. ಅವಧಿಯ ನಡುವೆ ಅವರನ್ನು ತೆಗೆಯಲು ವಾಗ್ದಂಡನೆಯ ದಾರಿಯಿದ್ದರೂ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. 2021ರಲ್ಲಿ 57 ಸೆನೆಟರುಗಳು ಟ್ರಂಪ್ ತಪ್ಪಿತಸ್ಥರೆಂದೂ 43 ಮಂದಿ ಅಲ್ಲವೆಂದೂ ಮತ ಹಾಕಿದಾಗ ಅವರು ಪಾರಾದದ್ದು ಹೀಗೆ. ನಡುವಿನ ವರ್ಷಗಳಲ್ಲಿ ಜನರಿಗೆ ತಮ್ಮ ಮಾತು ಮುಟ್ಟಿಸಲು ಬೀದಿಯಲ್ಲದೆ ಬೇರೆ ಜಾಗ ಹೆಚ್ಚಿಲ್ಲ. 1791ರಲ್ಲಿ ಸೇರಿದ ಅವರ ಸಂವಿಧಾನದ ಮೊದಲ ತಿದ್ದುಪಡಿಯೇ ಶಾಂತಿಯುತವಾಗಿ ಸಭೆ ಸೇರುವ, ಕುಂದುಕೊರತೆ ನಿವಾರಿಸಿರೆಂದು ಸರ್ಕಾರವನ್ನು ಕೇಳುವ ಹಕ್ಕನ್ನು ಕಾಯುತ್ತದೆ. 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿ ಮತ ಎಣಿಕೆಯ ದೃಢೀಕರಣವನ್ನೇ ತಡೆಯಹೊರಟವರು ಈ ಹಕ್ಕಿನ ಆಶ್ರಯಕ್ಕೆ ಬರುವುದಿಲ್ಲ. ಜನಾದೇಶಕ್ಕೆ ಅವಮಾನವೆಂಬ ಮಾತನ್ನು ನಾನು ಅಲ್ಲಿಗೆ ಬಳಸುತ್ತೇನೆ.

ಪ್ರಶ್ನೆ: 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಹೆಚ್ಚು ಮತ ಬಂದರೂ ಸೋತರಂತೆ. ಹೆಚ್ಚು ಮತ ಪಡೆದವರು ಸೋಲುವುದು ಯಾವ ಸೀಮೆಯ ಪ್ರಜಾಪ್ರಭುತ್ವ?
— ಅಡಿಕೆ ಬೆಳೆಗಾರರು, ಕೊಪ್ಪ

ಉತ್ತರ: ಮತ್ತೆ ಕಾಗೋಡಿಗೇ ಹೋಗಬೇಕಾಗಿದೆ. ಅಲ್ಲಿನ ರೈತರು ಗೇಣಿಯನ್ನೇ ಕೊಡುವುದಿಲ್ಲ ಎಂದು ಹೊರಟವರಲ್ಲ. ಗೇಣಿಯ ಭತ್ತ ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ವಾಡಿಕೆಯದಕ್ಕಿಂತ ದೊಡ್ಡದು ಎಂಬುದು ತಕರಾರಿನ ಬೇರುಗಳಲ್ಲಿ ಒಂದಾಗಿತ್ತು. ಕೊಳಗದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿರುತ್ತದೆ, ಹತ್ತು ಎಂದರೆ ಹತ್ತೇ. ಕೊಳಗವೇ ಸರಿಯಿಲ್ಲದಿದ್ದರೆ ಕಣಜ ಬರಿದಾಗುತ್ತದೆ. ಅಮೆರಿಕದ ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಹೊಳೆದಿಲ್ಲ.

ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿಕೆಯಾದ 538 ಎಲೆಕ್ಟೋರಲ್ ಮತಗಳು. 270 ಸಿಕ್ಕರೆ ಗೆಲುವು. ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲಿಯೂ ಒಂದೇ ಮತದಿಂದ ಮುಂದಿದ್ದವರಿಗೂ ಆ ರಾಜ್ಯದ ಪೂರ್ತಿ ಪಾಲು ಹೋಗುತ್ತದೆ. ಹೀಗಾಗಿಯೇ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದ ಕ್ಲಿಂಟನ್ 2016ರಲ್ಲಿ ಸೋತರು. 2000ದಲ್ಲಿ ಅಲ್ ಗೋರ್ ಅವರಿಗೂ ಹೀಗೆಯೇ ಆಗಿತ್ತು. ಸೆನೆಟ್‌ನಲ್ಲಿ ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್ ರಾಜ್ಯಕ್ಕೆ ಇಬ್ಬರು, ನಾಲ್ಕು ಕೋಟಿಯ ಸಮೀಪವಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ. ಇವುಗಳಲ್ಲಿ ಎಲೆಕ್ಟೋರಲ್ ಮತದ ಪದ್ಧತಿಯೂ ಸೆನೆಟ್ಟಿನ ಸಮಪಾಲೂ ಸಂವಿಧಾನ ಬರೆದವರೇ ಇಟ್ಟುಹೋದ ಕೊಳಗಗಳು. ಅವುಗಳನ್ನು ಬದಲಿಸಲು ಸಂಸತ್ತಿನ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದು, 50ರಲ್ಲಿ 38 ರಾಜ್ಯಗಳು ಒಪ್ಪಬೇಕು. ಸೆನೆಟ್‌ನ ಸಮಪಾಲಿಗಂತೂ ಆಯಾ ರಾಜ್ಯದ ಒಪ್ಪಿಗೆಯಿಲ್ಲದೆ ಯಾವ ತಿದ್ದುಪಡಿಯೂ ಕೈಹಾಕುವಂತಿಲ್ಲ.

ಈಚೆಗೆ ಕೈಯಾರೆ ಹಿಗ್ಗಿಸಿದ ಕೊಳಗಗಳೂ ಇವೆ, ನನ್ನ ಕಳವಳ ಅವುಗಳ ಬಗೆಗೇ ಹೆಚ್ಚು. ಪ್ರತಿನಿಧಿ ಸಭೆಯ ಕ್ಷೇತ್ರಗಳ ಗಡಿಯನ್ನು ಅಲ್ಲಿ ಹತ್ತು ವರ್ಷಗಳಿಗೊಮ್ಮೆ, ಜನಗಣತಿಯಾದ ಮೇಲೆ ಎಳೆಯುವುದು ರೂಢಿ, ಮತ್ತು ಹಲವು ರಾಜ್ಯಗಳಲ್ಲಿ ಆ ಗೆರೆಯನ್ನು ಆಳುವ ಪಕ್ಷವೇ ಎಳೆಯುತ್ತದೆ. 2025ರಲ್ಲಿ ಟೆಕ್ಸಾಸ್ ರಾಜ್ಯ ಗಣತಿಗೆ ಕಾಯದೆ, ಟ್ರಂಪ್ ಅವರ ಪಕ್ಷದವರಾದ ರಿಪಬ್ಲಿಕನ್ನರಿಗೆ ಇನ್ನೂ ಐದು ಸ್ಥಾನ ಸಿಗಲೆಂದೇ ಗಡಿಗಳನ್ನು ಬದಲಿಸಿತು. ಅದಕ್ಕೆ ಎದುರಾಗಿ ಕ್ಯಾಲಿಫೋರ್ನಿಯಾ ನವೆಂಬರ್‌ನಲ್ಲಿ ಜನಮತ ಪಡೆದು ವಿರೋಧ ಪಕ್ಷದ ಡೆಮಾಕ್ರಟರಿಗೆ ಅಷ್ಟೇ ಸ್ಥಾನ ಸಿಗುವಂತೆ ತನ್ನ ಗಡಿಗಳನ್ನು ಬದಲಿಸಿಕೊಂಡಿತು. ಜನರನ್ನು ಕೇಳಿ ಮಾಡಿದ್ದೆಂಬ ಸಮರ್ಥನೆ ಎರಡನೆಯದಕ್ಕೆ ಉಂಟು. ಆದರೂ ಒಬ್ಬ ಒಡೆಯ ಕೊಳಗ ಹಿಗ್ಗಿಸಿದನೆಂದು ಪಕ್ಕದ ಒಡೆಯನೂ ಹಿಗ್ಗಿಸಿದರೆ ಕಣದಲ್ಲಿ ಭತ್ತ ಅಳೆಯುತ್ತ ನಿಂತವನಿಗೆ ಲಾಭವೇನೆಂದು ಕೇಳದೆ ಇರಲಾಗುವುದಿಲ್ಲ.

ಪ್ರಶ್ನೆ: ಜನಸಂಖ್ಯೆಯ ಶೇ 3.5ರಷ್ಟು ಜನ ಬೀದಿಗಿಳಿದರೆ ಯಾವ ಸರ್ಕಾರವೂ ಉಳಿಯುವುದಿಲ್ಲ ಎಂದು ಮೊಬೈಲಿನಲ್ಲಿ ಓದಿದೆ. ನಿಜವೆ?
— ಐಟಿಐ ತರಬೇತಿದಾರ, ಭದ್ರಾವತಿ

ಉತ್ತರ: ಎರಿಕಾ ಚೆನೊವೆತ್ ಎಂಬ ರಾಜ್ಯಶಾಸ್ತ್ರ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಚಳವಳಿಗಳನ್ನು ಅಭ್ಯಸಿಸಿ ಕಂಡುಕೊಂಡ ಅಂಶವದು. ಅದು ನಡೆದುಹೋದುದರ ಲೆಕ್ಕವೇ ಹೊರತು ಮುಂದಿನದರ ಖಾತರಿಯಲ್ಲ, ಮತ್ತು ಅವರು ನೋಡಿದ್ದು ಮುಖ್ಯವಾಗಿ ಸರ್ವಾಧಿಕಾರಿಗಳನ್ನು ಇಳಿಸಲು ಅಥವಾ ಪರಕೀಯ ಆಳ್ವಿಕೆ ಕಳೆಯಲು ನಡೆದ ಹೋರಾಟಗಳನ್ನು. ಸುಮಾರು 34 ಕೋಟಿ ಜನರ ಅಮೆರಿಕದಲ್ಲಿ ಶೇ 3.5 ಎಂದರೆ 1 ಕೋಟಿ 19 ಲಕ್ಷ. ಸಂಘಟಕರ ಲೆಕ್ಕವನ್ನೇ ಒಪ್ಪಿದರೂ ಅಕ್ಟೋಬರಿನ ಸಂಖ್ಯೆ ಅಲ್ಲಿಗೆ ಮುಟ್ಟುವುದಿಲ್ಲ.

ಪ್ರಶ್ನೆ: ಪ್ರತಿಭಟನೆ ಹತ್ತಿಕ್ಕಲು ಸೈನ್ಯವನ್ನೇ ನಗರಗಳಿಗೆ ಕಳಿಸಿದರಂತೆ. 1975ರ ತುರ್ತುಪರಿಸ್ಥಿತಿಯನ್ನು ಕಂಡ ನಮ್ಮಂಥವರಿಗೆ ಇದು ಅದೇ ಅನ್ನಿಸುತ್ತದೆ.
— ಹಿರಿಯ ನಾಗರಿಕರು, ತೀರ್ಥಹಳ್ಳಿ

ಉತ್ತರ: ಅದೇ ಅಲ್ಲ, ಆದರೆ ನಿಮ್ಮ ಆತಂಕ ಸುಳ್ಳೂ ಅಲ್ಲ. ವಲಸಿಗರ ಬಂಧನಗಳನ್ನು ವಿರೋಧಿಸಿ 2025ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪ್ರತಿಭಟನೆ ನಡೆದಾಗ ಟ್ರಂಪ್ ಅವರು ಆ ರಾಜ್ಯದ ಚುನಾಯಿತ ಮುಖ್ಯಸ್ಥರಾದ ಗವರ್ನರ್ ಬೇಡವೆಂದರೂ ರಾಜ್ಯದ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನ ಸುಮಾರು 4,000 ಯೋಧರನ್ನೂ 700 ಮರೀನ್ ಸೈನಿಕರನ್ನೂ ಕಳಿಸಿದರು. ಸೈನ್ಯವನ್ನು ಪೊಲೀಸರಂತೆ ಬಳಸಬಾರದೆಂಬ 1878ರ ಕಾಯ್ದೆಯನ್ನು ಇದು ಉಲ್ಲಂಘಿಸಿದೆಯೆಂದು ಕೆಳಹಂತದ ಫೆಡರಲ್ ನ್ಯಾಯಾಧೀಶರೊಬ್ಬರು ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತರು. ವ್ಯತ್ಯಾಸ ಇಲ್ಲಿದೆ. ನಮ್ಮ ತುರ್ತುಪರಿಸ್ಥಿತಿಯಲ್ಲಿ ವಿರೋಧ ಪಕ್ಷಗಳ ನಾಯಕರು ಜೈಲಿನಲ್ಲಿದ್ದರು, ಪತ್ರಿಕೆಗಳು ಸೆನ್ಸಾರ್ ಆಗಿ ಬರುತ್ತಿದ್ದವು, ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವ ಬಾಗಿಲೇ ಮುಚ್ಚಿತ್ತು, ಚುನಾವಣೆ ಮುಂದಕ್ಕೆ ಹೋಯಿತು. ಅಮೆರಿಕದಲ್ಲಿ ಕೋರ್ಟಿನ ಬಾಗಿಲು ತೆರೆದಿದೆ, ಚುನಾವಣೆ ನಡೆಸುವುದು ಕೇಂದ್ರವಲ್ಲ, ರಾಜ್ಯಗಳು. ಮುಂದಿನ ಮಧ್ಯಾವಧಿ ಚುನಾವಣೆ 2026ರ ನವೆಂಬರ್ 3ಕ್ಕೆ ಗೊತ್ತಾಗಿದೆ.

ಆದರೆ ತುರ್ತುಪರಿಸ್ಥಿತಿಯಲ್ಲಿಯೂ ಇಲ್ಲದಿದ್ದ ಒಂದೆರಡು ಲಕ್ಷಣಗಳು ಅಲ್ಲಿವೆ. ಜನವರಿ 6ರ ದಾಳಿಯಲ್ಲಿ ಆರೋಪಿಗಳಾಗಿದ್ದ ಸುಮಾರು 1,500 ಮಂದಿಯನ್ನು ಟ್ರಂಪ್ ಮರಳಿ ಅಧಿಕಾರಕ್ಕೆ ಬಂದ ದಿನವೇ ಕ್ಷಮಿಸಿದರು. ಆಳುವವರ ಪರವಾಗಿ ಮಾಡಿದ ಹಿಂಸೆಗೆ ಶಿಕ್ಷೆಯಿಲ್ಲ ಎಂದು ಜನ ಅದನ್ನು ಅರ್ಥಮಾಡಿಕೊಂಡರೆ ಅವರನ್ನು ದೂರುವಂತಿಲ್ಲ. ಮೊದಲ ‘ನೋ ಕಿಂಗ್ಸ್’ ದಿನದ ನಸುಕಿನಲ್ಲಿಯೇ ಮಿನೆಸೋಟದ ಡೆಮಾಕ್ರಟಿಕ್ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಪತಿಯನ್ನು ಮನೆಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ಸೆಪ್ಟೆಂಬರ್ 10ರಂದು ಟ್ರಂಪ್ ಬೆಂಬಲಿಗ ಚಾರ್ಲಿ ಕರ್ಕ್ ಅವರನ್ನು ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಮಾತನಾಡುತ್ತಿದ್ದಾಗಲೇ ಕೊಲ್ಲಲಾಯಿತು. ಇಷ್ಟಾದ ಮೇಲೂ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬೀದಿಗಳಿಗೆ ಬಂದ ಲಕ್ಷಕ್ಕೂ ಹೆಚ್ಚು ಜನರಲ್ಲಿ ಪ್ರತಿಭಟನೆಗೆ ಸಂಬಂಧಿಸಿ ಒಬ್ಬರನ್ನೂ ಬಂಧಿಸಬೇಕಾಗಲಿಲ್ಲವೆಂದು ಅಲ್ಲಿನ ಪೊಲೀಸರೇ ತಿಳಿಸಿದರು. ರೋಗಿಯ ನಾಡಿ ಹಿಡಿದವನು ಜ್ವರವನ್ನೂ ಬರೆದುಕೊಳ್ಳಬೇಕು, ಇದನ್ನೂ ಬರೆದುಕೊಳ್ಳಬೇಕು.

ಪ್ರಶ್ನೆ: ಎಲೆಚುಕ್ಕಿ ರೋಗಕ್ಕೆ ತೋಟ ಹೋಗುತ್ತಿರುವಾಗ ನಮಗೆ ಅಮೆರಿಕದ ಉಸಾಬರಿ ಏಕೆ?
— ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಎಲೆಚುಕ್ಕಿಯ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಖಂಡಿತ ಬರೆಯುತ್ತೇವೆ. ಉಸಾಬರಿ ಏಕೆಂಬುದಕ್ಕೆ, ನಿಮ್ಮದೇ ತಾಲ್ಲೂಕಿನಿಂದ ಬಂದಿರುವ ಕೆಳಗಿನ ಪತ್ರ ಓದಿ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಎಂ.ಎಸ್. ಓದುತ್ತಿದ್ದಾನೆ. ಗೆಳೆಯರೊಂದಿಗೆ ಮೆರವಣಿಗೆಗೆ ಹೋಗಿದ್ದೆ ಎಂದು ಫೋನಿನಲ್ಲಿ ಹೇಳಿದ. ಅವನ ಅಪ್ಪ ರೇಗಾಡಿದರು. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು, ನಿದ್ದೆಯೂ ಬರುತ್ತಿಲ್ಲ. ಹೋಗಬೇಡ ಎಂದು ಹೇಳಲೆ?
— ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಅಮ್ಮಾ, ನಿಮಗೆ ಧೈರ್ಯ ಹೇಳುವ ಭರದಲ್ಲಿ ಸುಳ್ಳು ಹೇಳಬಾರದು. ಮೊದಲ ತಿದ್ದುಪಡಿಯ ಮಾತು ‘ಪೌರರು’ ಎಂದಿಲ್ಲ, ‘ಜನರು’ ಎಂದಿದೆ. ಅಲ್ಲಿ ನೆಲೆಸಿರುವ ಪರದೇಶದವರಿಗೂ ಮಾತಿನ ಹಕ್ಕು ಇದೆಯೆಂದು ಅಲ್ಲಿನ ಕೋರ್ಟುಗಳು ಹೇಳಿವೆ. ಹೀಗಿದ್ದೂ 2025ರ ಮಾರ್ಚ್‌ನಲ್ಲಿ ಟರ್ಕಿಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬರನ್ನು ಮುಖಗವಸು ಹಾಕಿದ ಅಧಿಕಾರಿಗಳು ರಸ್ತೆಯಲ್ಲಿಯೇ ಹಿಡಿದೊಯ್ದರು. ತನ್ನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಗೆ ಗಾಜಾದ ಕುರಿತು ಇತರರೊಡನೆ ಸೇರಿ ಲೇಖನ ಬರೆದದ್ದೇ ಇದಕ್ಕೆ ಕಾರಣವೆಂದು ಆಕೆಯ ವಕೀಲರು ವಾದಿಸಿದರು. ನ್ಯಾಯಾಧೀಶರು ಬಿಡುಗಡೆಗೆ ಆದೇಶಿಸಿದ್ದು ಮೇ ತಿಂಗಳಲ್ಲಿ. ಹಕ್ಕು ಕೊನೆಗೆ ಗೆದ್ದಿತು, ನಡುವೆ ಆರು ವಾರ ಅವರು ಊರಿನಿಂದ ಬಹುದೂರದ ಬಂಧನ ಕೇಂದ್ರದಲ್ಲಿದ್ದರು.

ನಾನು ನಿಮ್ಮ ಜಾಗದಲ್ಲಿದ್ದರೆ ಹೋಗಬೇಡ ಎಂದು ಆಣೆ ಹಾಕಿಸುತ್ತಿರಲಿಲ್ಲ. ಆಣೆ ಹಾಕಿಸಿದರೆ ಅವನು ಹೋಗುವುದು ನಿಲ್ಲುವುದಿಲ್ಲ, ನಿಮಗೆ ಹೇಳುವುದು ನಿಲ್ಲುತ್ತದೆ. ಅವನ ಓದು, ಸಾಲ, ವೀಸಾ ಎಲ್ಲವನ್ನೂ ಮುಂದಿಟ್ಟುಕೊಂಡು ಅವನೇ ನಿರ್ಧರಿಸಲಿ. ಹೋಗುವುದಾದರೆ ಪರವಾನಗಿ ಪಡೆದ, ಹಗಲಿನ ಸಭೆಗೆ ಹೋಗಲಿ, ಗಲಾಟೆ ಕಂಡರೆ ಅಲ್ಲಿ ನಿಲ್ಲದೆ ಹೊರಡಲಿ. ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿ ಇರುತ್ತದೆ. ಇಂಥ ಸಂದರ್ಭಕ್ಕೆ ಯಾವ ವಕೀಲರನ್ನು ಕಾಣಬೇಕೆಂದು ಅಲ್ಲಿ ಮೊದಲೇ ವಿಚಾರಿಸಿಕೊಳ್ಳಲಿ. ಮುಂದಿನ ಸಲ ಅವನು ಫೋನ್ ಮಾಡಿದಾಗ ಊಟದ ವಿಷಯ ಕೇಳಿದ ಮೇಲೆ, ಆ ವಕೀಲರ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲದೆ ಒಂದು ಚೀಟಿಯಲ್ಲಿಯೂ ಬರೆದು ಜೇಬಿನಲ್ಲಿಟ್ಟುಕೊಂಡಿದ್ದಾನೆಯೇ ಎಂದು ಕೇಳಿ. ಅದೇ ನಂಬರನ್ನು ನೀವೂ ಬರೆದಿಟ್ಟುಕೊಳ್ಳಿ. ಅವನ ಅಪ್ಪನಿಗೂ ಕೊಡಿ.