ಎಂಟನೇ ತಿಂಗಳಲ್ಲಿ ತಗೊಂಡ ಆಂಟಿಬಯೋಟಿಕ್ ಮಗು ಸುತ್ತ ಇರೋ ನೀರಿಗೂ ಸೇರುತ್ತಾ?

ಸೇರುತ್ತೆ. ಯೂರಿನ್ ಇನ್ಫೆಕ್ಷನ್‌ಗೆ ಸೆಫಾಲೆಕ್ಸಿನ್ ಕೊಟ್ಟಿದಾರೆ, ಅದು ಮಗು ಇರೋ ನೀರಿಗೆ ಹೇಗೆ ಹೋಗುತ್ತೆ, ತೊಂದ್ರೆ ಇದ್ಯಾ ಅಂತ ಕೇಳಿದೀರ. ನಾನು ಫಾರ್ಮಕಾಲಜಿ ಪಾಠ ಮಾಡೋಳು, ನಂಗೆ ತುಂಬಾ ಇಷ್ಟದ ವಿಷಯ ಇದು. ಗರ್ಭಕೋಶದ ಗೋಡೆಯಿಂದ ನೇರವಾಗಿ ನೀರಿಗೆ ಜಿನುಗುತ್ತೆ ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ, ಆದ್ರೆ ಈ ತಿಂಗಳಲ್ಲಿ ಅದರ ಮುಖ್ಯ ದಾರಿ ಮಗುನೇ.

ನಿಮ್ಮ ರಕ್ತದಲ್ಲಿ ಪ್ರೋಟೀನ್‌ಗೆ ಅಂಟ್ಕೊಳ್ದೆ ಬಿಡಿಯಾಗಿರೋ ಔಷಧಿ ಪ್ಲಾಸೆಂಟಾ ದಾಟಿ ಹೊಕ್ಕುಳಬಳ್ಳಿಯಿಂದ ಮಗು ರಕ್ತಕ್ಕೆ ಹೋಗುತ್ತೆ, ಮಗು ಕಿಡ್ನಿ ಅದನ್ನ ಸೋಸಿ ಮೂತ್ರದಲ್ಲಿ ಹೊರಗೆ ಹಾಕುತ್ತೆ, ಕೊನೆ ತಿಂಗಳುಗಳಲ್ಲಿ ಮಗು ಸುತ್ತ ಇರೋ ಈ ಆಮ್ನಿಯಾಟಿಕ್ ನೀರು ಅಂದ್ರೆ ಬಹುಪಾಲು ಆ ಮೂತ್ರಾನೇ. ದಿನಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ಮಾಡುತ್ತೆ, ಒಟ್ಟು ನೀರು ಇರೋದೇ ಸುಮಾರು 700-800 ಎಂಎಲ್. ಆಮೇಲೆ ಅದೇ ನೀರನ್ನ ಮಗು ನುಂಗ್ತಾ ಇರುತ್ತೆ, ಹಾಗಾಗಿ ಔಷಧಿ ಕರುಳಿಂದ ತಿರುಗಿ ರಕ್ತಕ್ಕೆ ಬಂದು ಇನ್ನೊಂದು ಸುತ್ತು ಹೊಡೆಯುತ್ತೆ.

ಅದಕ್ಕೇ ನೀರಲ್ಲಿ ಔಷಧಿ ಏರೋದು ನಿಧಾನ, ಇಳಿಯೋದೂ ನಿಧಾನ. ಆಂಪಿಸಿಲಿನ್‌ನ ನರಕ್ಕೆ ಕೊಟ್ರೆ ಒಂದು ಗಂಟೆ ಒಳಗೇ ಮಗು ರಕ್ತದಲ್ಲಿ ಚೆನ್ನಾಗಿ ಸೇರಿರುತ್ತೆ, ನೀರಲ್ಲಿ ಆ ಮಟ್ಟ ಬರೋಕೆ ಇನ್ನೂ ಕೆಲವು ಗಂಟೆ ಬೇಕು. ಗ್ರೂಪ್ ಬಿ ಸ್ಟ್ರೆಪ್ (ಹೆರಿಗೆ ಟೈಮಲ್ಲಿ ಮಗುಗೆ ಅಂಟಬಹುದಾದ ಒಂದು ಬ್ಯಾಕ್ಟೀರಿಯಾ) ಇರೋರಿಗೆ ಹೆರಿಗೆಗೆ ಕನಿಷ್ಠ 4 ಗಂಟೆ ಮುಂಚೆನೇ ಪೆನಿಸಿಲಿನ್ ಶುರು ಮಾಡೋಕೆ ಡಾಕ್ಟ್ರು ಒದ್ದಾಡ್ತಾರಲ್ಲ, ಔಷಧಿ ಅಲ್ಲಿವರೆಗೂ ತಲುಪೋಕೆ ಟೈಮ್ ಬೇಕು ಅಂತಾನೇ.

ಎಲ್ಲಾ ಔಷಧಿನೂ ಒಂದೇ ತರ ದಾಟಲ್ಲ. ಪೆನಿಸಿಲಿನ್, ಸೆಫಲೋಸ್ಪೋರಿನ್ (ನಿಮ್ಮ ಸೆಫಾಲೆಕ್ಸಿನ್ ಇದೇ ಗುಂಪು) ಗುಂಪಿನವು ಸಾಮಾನ್ಯವಾಗಿ ಸಲೀಸಾಗಿ ಹೋಗುತ್ವೆ, ಎರಿತ್ರೋಮೈಸಿನ್ ತೀರಾ ಕಮ್ಮಿ. ಗರ್ಭಿಣಿಗೆ ಸಿಫಿಲಿಸ್ (ಹೊಟ್ಟೆಲಿರೋ ಮಗುಗೂ ಹರಡೋ ಲೈಂಗಿಕ ಸೋಂಕು) ಇದ್ದು ಪೆನಿಸಿಲಿನ್ ಅಲರ್ಜಿನೂ ಇದ್ರೆ, ಆಸ್ಪತ್ರೆಲಿಟ್ಟು ಚೂರು ಚೂರೇ ಕೊಟ್ಟು ಮೈಗೆ ಒಗ್ಗಿಸಿ ಪೆನಿಸಿಲಿನ್ನೇ ಕೊಡ್ತಾರೆ, ಯಾಕಂದ್ರೆ ಎರಿತ್ರೋಮೈಸಿನ್ ನಂಬ್ಕೊಂಡ್ರೆ ಮಗುಗೆ ಚಿಕಿತ್ಸೆ ಸಿಗಲ್ಲ.

ಈಗ ನಿಮ್ಮ ವಿಷಯ. ಸೆಫಾಲೆಕ್ಸಿನ್ ಗರ್ಭಿಣಿಯರಿಗೆ ಎಷ್ಟೋ ವರ್ಷದಿಂದ ಕೊಡ್ತಿರೋ ಔಷಧಿ, ನೀರಿಗೆ ಸೇರುತ್ತೆ ಅನ್ನೋ ಒಂದೇ ಕಾರಣಕ್ಕೆ ಹೆದರ್ಬೇಡಿ. ಗರ್ಭಿಣಿಯರ ಕಿಡ್ನಿ ಮಾಮೂಲಿಗಿಂತ ಸುಮಾರು ಅರ್ಧದಷ್ಟು ಜಾಸ್ತಿ ಸೋಸುತ್ತೆ, ಔಷಧಿ ಬೇಗ ಮೈಯಿಂದ ಹೊರಟೋಗುತ್ತೆ, ಅದಕ್ಕೆ ಮಗುಗೆ ಕಮ್ಮಿ ಹೋಗ್ಲಿ ಅಂತ ನೀವೇ ಒಂದೊಂದು ಮಾತ್ರೆ ಬಿಡ್ಬೇಡಿ ದಯವಿಟ್ಟು. ಇನ್ಫೆಕ್ಷನ್ ಕಿಡ್ನಿಗೆ ಏರಿದ್ರೆ ಅವಧಿಗೆ ಮುಂಚೆ ಹೆರಿಗೆ ಆಗೋ ಅಪಾಯ ಇದೆ, ನಂಗೆ ಭಯ ಇರೋದು ಅದರದ್ದು. ಮನೇಲಿ ಉಳಿದಿರೋ ಡಾಕ್ಸಿಸೈಕ್ಲಿನ್ ಏನಾದ್ರೂ ಇದ್ರೆ ಅದನ್ನ ಮುಟ್ಬೇಡಿ, ಆ ಗುಂಪಿನ ಔಷಧಿಗಳು ಮಗು ಹಲ್ಲಿನ ಬಣ್ಣ ಕೆಡಿಸಬಹುದು. ಚಳಿಜ್ವರ, ಪಕ್ಕೆ ನೋವು, ವಾಂತಿ ಶುರುವಾದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗಿ, ಕೋರ್ಸ್ ಮುಗಿಲಿ ಅಂತ ಕಾಯ್ಬೇಡಿ.