ಆಟದಲ್ಲಿ ಮೇಲೆ ಬರಲಿಲ್ಲ, ಈಗ ಕೋಚ್ ಆಗ್ತೀನಿ ಅಂತಾನೆ

ಪ್ರಶ್ನೆ: ನಾವು ಮೈಸೂರಿನವರು, ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ 26 ವರ್ಷ. ಕಾಲೇಜಿನ ಕೊನೆಯ ವರ್ಷ ಬಾಕಿ ಇರುವಾಗಲೇ ಓದು ಬಿಟ್ಟು ಬೇಸ್‌ಬಾಲ್ ತಂಡ ಸೇರಿದ. ಕ್ಯಾಚರ್. ಐದು ವರ್ಷ ಕೆಳಹಂತದ ಮೈನರ್ ಲೀಗ್‌ನಲ್ಲೇ ಕಳೆಯಿತು, ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ದಾಟಲಿಲ್ಲ. ಈಗ ಆಟಗಾರನಾಗಿ ಬೇಡ, ಕೆಳಗಿನ ತಂಡಕ್ಕೆ ಕೋಚ್ ಆಗು ಎಂದು ಅದೇ ಸಂಸ್ಥೆ ಕರೆದಿದೆ. ಡಿಗ್ರಿ ಮುಗಿಸಲಿ ಅಂತ ಯಜಮಾನರ ಹಟ. ಅಪ್ಪ, ಮಗ ಮಾತು ಬಿಟ್ಟಿದ್ದಾರೆ. ತಾನೇ ಗೆಲ್ಲದವನು ಇನ್ನೊಬ್ಬರಿಗೆ ಏನು ಕಲಿಸುತ್ತಾನೆ ಎಂಬ ಸಂಕಟ ನನಗೂ ಇದೆ.
– ಒಬ್ಬ ತಾಯಿ

ಉತ್ತರ: ಮೊದಲು ಆ ಸಂಕಟ ಬಿಡಿ. ಬೇಸ್‌ಬಾಲ್‌ನ ಹೆಸರಾಂತ ಕೋಚ್ ಜಿಮ್ ಲೇಲ್ಯಾಂಡ್ ಕೂಡ ಕ್ಯಾಚರ್ ಆಗಿದ್ದವರು. ಡೆಟ್ರಾಯಿಟ್ ಟೈಗರ್ಸ್‌ನ ಮೈನರ್ ತಂಡಗಳಲ್ಲಿ ಆಡಿದರು, ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 1971ರಲ್ಲಿ, ನಿಮ್ಮ ಮಗನ ವಯಸ್ಸಿಗೇ, ಒಂದು ಮೈನರ್ ತಂಡದ ಮ್ಯಾನೇಜರ್, ಅಂದರೆ ಮುಖ್ಯ ಕೋಚ್ ಆದರು. ಮುಂದೆ 1997ರಲ್ಲಿ ಫ್ಲೋರಿಡಾ ಮಾರ್ಲಿನ್ಸ್‌ಗೆ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು. 2024ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು.

ಕ್ಯಾಚರ್‌ಗಳು ಕೋಚ್ ಆಗುವುದು ಸುಮ್ನೆ ಅಲ್ಲ. ನಮ್ಮ ವಿಕೆಟ್ ಕೀಪರ್ ಹಾಗೆ ಇಡೀ ಮೈದಾನ ಅವರ ಕಣ್ಣೆದುರು ಇರುತ್ತದೆ. ಮುಂದಿನ ಚೆಂಡು ಯಾವುದು ಎಂದು ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಸನ್ನೆ ಮಾಡುವವರು, ಅವನ ಧೈರ್ಯ ಕುಸಿದಾಗ ಹತ್ತಿರ ಹೋಗಿ ಮಾತಾಡುವವರು ಅವರೇ. ನಿಮ್ಮ ಮಗ ಐದು ವರ್ಷ ಅರ್ಧ ಕೋಚ್ ಕೆಲಸವನ್ನೇ ಮಾಡಿದ್ದಾನೆ.

ಆದರೆ ಲೇಲ್ಯಾಂಡ್ ಕಥೆಯ ಉಳಿದರ್ಧವನ್ನೂ ಅವನಿಗೆ ಹೇಳಿ. ಅವರು 11 ವರ್ಷ ಮೈನರ್ ಲೀಗ್‌ನಲ್ಲೇ ತಂಡ ನಡೆಸಿದರು. 1982ರಲ್ಲಿ ಮೇಜರ್ ಲೀಗ್‌ನ ಚಿಕಾಗೋ ವೈಟ್ ಸಾಕ್ಸ್‌ನಲ್ಲಿ ಮೂರನೇ ಬೇಸ್ ಕೋಚ್ (ರನ್‌ಗೆ ಓಡುವವರಿಗೆ ಸನ್ನೆ ಮಾಡುವ ಸಹಾಯಕ ಕೋಚ್) ಆದರು. ಮ್ಯಾನೇಜರ್ ಆಗಿ ಮೇಜರ್ ಲೀಗ್ ತಂಡವೊಂದು ಕೈಗೆ ಬಂದದ್ದು 1986ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಇದು ಗೆದ್ದವರ ಲೆಕ್ಕ. ಊರಿಂದೂರಿಗೆ ಓಡುವ ತಂಡದ ಬಸ್ಸಿನಲ್ಲೇ ವರ್ಷಗಳನ್ನು ಕಳೆದು, ಮನೆ ಮಕ್ಕಳು ಅಂತ ಕೆಲಸ ಬಿಟ್ಟವರೇ ಜಾಸ್ತಿ. ಯಜಮಾನರ ಭಯ ಸುಳ್ಳೇನಲ್ಲ.

ಇನ್ನು ಡಿಗ್ರಿ ವಿಷಯ. ನಿಮ್ಮ ಮನೆಯಲ್ಲಿ ಇದನ್ನು ಯಾರೂ ನೋಡಿಲ್ಲ ಅನಿಸುತ್ತದೆ. ಓದು ಅರ್ಧಕ್ಕೆ ಬಿಟ್ಟು ಸೇರುವ ಹುಡುಗರ ಒಪ್ಪಂದದಲ್ಲಿ ಎಷ್ಟೋ ಸಲ ಕಾಲೇಜು ಖರ್ಚಿನ ಹಣವೂ ಸೇರಿರುತ್ತದೆ. ಆಟ ನಿಲ್ಲಿಸಿದ 2 ವರ್ಷದೊಳಗೆ ಓದು ಶುರು ಮಾಡಬೇಕು ಎಂಬ ಷರತ್ತು ಸಾಮಾನ್ಯ. ಕೋಚ್ ಆಗಿ ಕಳೆದ ದಿನಗಳು ಈ ಗಡುವಿನಲ್ಲಿ ಹೇಗೆ ಲೆಕ್ಕವಾಗುತ್ತವೆ ಎಂದು ಸಂಸ್ಥೆಯಿಂದ ಬರವಣಿಗೆಯಲ್ಲೇ ಕೇಳಿಕೊಳ್ಳಲಿ. ಸಂಬಳ, ವಿಮೆ, ಒಪ್ಪಂದ ಎಷ್ಟು ದಿನದ್ದು, ಅದನ್ನೂ ಕೇಳಲಿ. ಗಡುವು ಮೀರುವುದಿಲ್ಲ ಎಂದಾದರೆ ಒಂದು ಸೀಸನ್ ಹೋಗಿ ಬರಲಿ. ಚಳಿಗಾಲದ ಬಿಡುವಿನಲ್ಲಿ ಆನ್‌ಲೈನ್ ತರಗತಿಗಳನ್ನೂ ತೆಗೆದುಕೊಳ್ಳಬಹುದು.

ನನಗೆ ಅನುಮಾನ ಇರುವುದು ಬೇರೆ ಕಡೆ. ಅವನಿಗೆ ಕಲಿಸುವುದು ಇಷ್ಟವೋ, ಅಥವಾ ಮೈದಾನ ಬಿಟ್ಟು ಬರಲು ಆಗುತ್ತಿಲ್ಲವೋ? ಕೋಚ್ ಆದಮೇಲೆ ಅವನ ಹೆಸರಿಗೆ ಒಂದು ರನ್ನೂ ಬರುವುದಿಲ್ಲ. ತನಗೆ ಸಿಗದ ಜಾಗಕ್ಕೆ 19ರ ಹುಡುಗನನ್ನು ತಯಾರು ಮಾಡಿ ಕಳಿಸಬೇಕು. ಅದರಲ್ಲಿ ಖುಷಿ ಇದೆಯಾ ಎಂದು ನೀವೇ ಕೇಳಿ, ಯಜಮಾನರು ಎದುರಿಗಿಲ್ಲದಾಗ. ಅವರಿದ್ದರೆ ಹೌದು ಅಂತಲೇ ಹೇಳುತ್ತಾನೆ, ಅಲ್ವಾ?

ಯಜಮಾನರಿಗೂ ಒಂದು ಕೆಲಸ ಕೊಡಿ. ಹಳೇ ಒಪ್ಪಂದದ ಕಾಗದ ಹುಡುಕಿ, ಮಗನ ಜೊತೆ ಕೂತು ಓದಲಿ. ಮಾತು ಬಿಟ್ಟವರು ಆ ನೆಪದಲ್ಲಾದರೂ ಒಂದೇ ಮೇಜಿಗೆ ಬರುತ್ತಾರೆ.