ಹಳೆಯ ಎಸ್ಟೀಮ್ ಕಾರನ್ನು ತಗ್ಗಿಸಿದ ಮೇಲೆ ಗುಂಡಿ ಸಿಕ್ಕಾಗೆಲ್ಲ ಬೆನ್ನಿಗೆ ಪೆಟ್ಟು ಬೀಳುತ್ತದೆ, ಯಾಕೆ?

ಹೆಚ್ಚಾಗಿ ಇದಕ್ಕೆ ಕಾರಣ ಬಂಪ್ ಸ್ಟಾಪ್, ಅಂದರೆ ಶಾಕ್ ಅಬ್ಸಾರ್ಬರ್ ರಾಡಿನ ಮೇಲ್ತುದಿಯಲ್ಲಿರುವ ರಬ್ಬರ್ ತಡೆ. ಗಿಡ್ಡ ಸ್ಪ್ರಿಂಗ್ ಹಾಕಿ ಕಾರನ್ನು 40 ಮಿ.ಮೀ. ಇಳಿಸಿದರೆ, ಚಕ್ರ ಮೇಲೇಳಲು ಇದ್ದ ಜಾಗವೂ ಸುಮಾರು ಅಷ್ಟೇ ಕಡಿಮೆಯಾಗುತ್ತದೆ. ಸ್ಪ್ರಿಂಗ್ ಪೆಟ್ಟನ್ನು ನುಂಗುವ ಮೊದಲೇ ಶಾಕ್ ಹೋಗಿ ರಬ್ಬರಿಗೆ ಬಡಿಯುತ್ತದೆ. ಅಲ್ಲಿಂದ ಪೆಟ್ಟು ನೇರ ಕಾರಿನ ಮೈಗೆ.

ಪರೀಕ್ಷೆ ಸುಲಭ. ಮುಂದಿನ ಶಾಕ್‌ನ ಧೂಳಿನ ಕವಚ ಮೇಲೆ ಸರಿಸಿ, ಹೊಳೆಯುವ ರಾಡಿಗೆ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಕೆಳಗೆ ತಳ್ಳಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ನೋಡಿ. ಟೈ ಮೇಲೇರಿ ರಬ್ಬರಿಗೆ ತಾಗಿದ್ದರೆ ಕಾರಣ ಸಿಕ್ಕಿತು. ಗಿಡ್ಡ ಸ್ಪ್ರಿಂಗಿಗೆ ಹೊಂದುವ ಶಾಕ್ ಮತ್ತು ಬಂಪ್ ಸ್ಟಾಪ್ ಹಾಕಿಸಿ, ಇಲ್ಲವೇ ಕಾರನ್ನು ಸ್ವಲ್ಪ ಎತ್ತರಿಸಿ. ದಯವಿಟ್ಟು ರಬ್ಬರನ್ನೇ ಕಿತ್ತು ಹಾಕಿಸಬೇಡಿ, ಶಾಕ್ ಬೇಗ ಹಾಳಾಗುತ್ತದೆ.

ಟೈ ಅಲ್ಲಿಯವರೆಗೆ ಹೋಗಿಲ್ವಾ? ಹಾಗಾದರೆ ಬುಶ್ ನೋಡಿ, ಅಂದರೆ ಚಕ್ರವನ್ನು ಹಿಡಿದಿರುವ ತೋಳುಗಳ ಕೀಲಿನಲ್ಲಿ ಬೋಲ್ಟಿನ ಸುತ್ತ ಇರುವ ರಬ್ಬರ್ ಕೊಳವೆ. ಕಾರು ಜಾಕ್ ಮೇಲಿದ್ದಾಗಲೇ ಬೋಲ್ಟ್ ಬಿಗಿದಿದ್ದರೆ ರಬ್ಬರ್ ಬುಶ್ ಸದಾ ತಿರುಚಿಕೊಂಡೇ ಇರುತ್ತದೆ. ಬೋಲ್ಟ್ ಸಡಿಲಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರ ಮತ್ತೆ ಬಿಗಿಸಬೇಕು.